ಎಪ್ಪತ್ತೈದು ಸಾವಿರದ ಗೇಮಿಂಗ್ ಕಂಪ್ಯೂಟರ್ ಮತ್ತು ಸಣ್ಣಕ್ಷರಗಳ ಓದು

ಗೇಮಿಂಗ್ ಕಂಪ್ಯೂಟರಿಗೆಂದು ಮೂರು ಲಕ್ಷ ರೂಪಾಯಿ ತೆಗೆದಿಟ್ಟವರು ತೀರ ಕೆಟ್ಟ ಆಯ್ಕೆ ಮಾಡುವುದು ಕಷ್ಟ. ಆ ದರ್ಜೆಯಲ್ಲಿ ಸಿಗುವ ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್, ಯಂತ್ರಕ್ಕೆ ವಿದ್ಯುತ್ ಹಂಚುವ ಎಸ್‌ಎಂಪಿಎಸ್‌ಗಳೆಲ್ಲ ಹೆಚ್ಚುಕಡಿಮೆ ಪೆಟ್ಟಿಗೆಯ ಮೇಲೆ ಬರೆದಿರುವ ಕೆಲಸವನ್ನೇ ಮಾಡುತ್ತವೆ. ಒಂದರ ಬದಲು ಇನ್ನೊಂದನ್ನು ಕೊಂಡರೆ ನೂರಕ್ಕೆ ಐದೋ ಹತ್ತೋ ಪಾಲು ವೇಗ ಹೆಚ್ಚುಕಡಿಮೆಯಾಗಬಹುದು, ಅಷ್ಟೇ. ಕೈಯಲ್ಲಿ ಎಪ್ಪತ್ತೈದು ಸಾವಿರ ಇರುವವರ ಪಾಡು ಬೇರೆ. ಈ ದರ್ಜೆಯಲ್ಲಿ ಒಂದೇ ಹೆಸರಿನ ಎರಡು ಕಾರ್ಡ್‌ಗಳ ಒಳಗೆ ಬೇರೆ ಬೇರೆ ಚಿಪ್ ಇರುತ್ತದೆ, ಒಂದೇ ಒಂದು ಅಕ್ಷರದ ವ್ಯತ್ಯಾಸವಿರುವ ಎರಡು ಪ್ರೊಸೆಸರ್‌ಗಳಲ್ಲಿ ಒಂದಕ್ಕೆ ಇನ್ನೊಂದರ ಅರ್ಧದಷ್ಟು ಕ್ಯಾಶೆ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಇರುತ್ತದೆ, ಮತ್ತು 450 ವ್ಯಾಟ್ ಎಂದು ಅಂಟಿಸಿದ ಎಸ್‌ಎಂಪಿಎಸ್ ಅದರ ಅರ್ಧವನ್ನೂ ನೆಮ್ಮದಿಯಿಂದ ಕೊಡಲಾರದು. ಹೀಗಾಗಿ ಕಡಿಮೆ ಹಣವಿರುವವರೇ ಹೆಚ್ಚು ಓದಬೇಕಾಗುತ್ತದೆ. ಅದರಲ್ಲೂ ಪೆಟ್ಟಿಗೆಯ ಹಿಂಬದಿಯ ಸಣ್ಣಕ್ಷರಗಳನ್ನು.

ಈ ಮಾತನ್ನು ಒಂದು ನಿಜವಾದ ಲೆಕ್ಕದ ಮೇಲೆ ಇಟ್ಟು ನೋಡುವುದು ಒಳ್ಳೆಯದು. ದಾವಣಗೆರೆಯಲ್ಲಿರುವ ನನ್ನ ತಂಗಿಯ ಮಗ ಈ ವರ್ಷ ಎಂಜಿನಿಯರಿಂಗ್ ಸೇರಿದ್ದಾನೆ. ಅವನ ಅಪ್ಪ ಒಪ್ಪಿದ ಮೊತ್ತ ಮಾನಿಟರ್ ಮತ್ತು ಯುಪಿಎಸ್ ಸೇರಿ 75 ಸಾವಿರ. ಆಯ್ಕೆಯ ಹೊಣೆಯನ್ನು ಸೋದರಮಾವನಾದ ನನ್ನ ತಲೆಗೆ ಕಟ್ಟಲಾಯಿತು. ಮೊದಲು ತಿಳಿದಿರಬೇಕಾದ ಸಂಗತಿ ಎಂದರೆ ಕಂಪ್ಯೂಟರ್ ಬಿಡಿಭಾಗಗಳ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ ಇದೆ. 75 ಸಾವಿರದಲ್ಲಿ 11 ಸಾವಿರಕ್ಕೂ ಮಿಕ್ಕಿ ತೆರಿಗೆಗೇ ಹೋಗುತ್ತದೆ, ಸರಕಿಗೆ ಉಳಿಯುವುದು 63 ಸಾವಿರದ ಆಸುಪಾಸು. ಅಮೆರಿಕದವರು ಡಾಲರ್‌ನಲ್ಲಿ ಹಾಕಿಕೊಟ್ಟ ಪಟ್ಟಿಯನ್ನು ರೂಪಾಯಿಗೆ ಪರಿವರ್ತಿಸಿ ಅಂಗಡಿಗೆ ಹೋದವರು ಬೆರಗಾಗುವುದು ಇದರಿಂದಲೇ, ಏಕೆಂದರೆ ಅಲ್ಲಿಯ ಬೆಲೆಗಳನ್ನು ಸಾಮಾನ್ಯವಾಗಿ ಮಾರಾಟ ತೆರಿಗೆ ಸೇರಿಸದೆ ಹೇಳಿರುತ್ತಾರೆ.

ಬಿಡಿಭಾಗಗಳ ಪಟ್ಟಿ ಬರೆಯುವ ಮುನ್ನ ಎರಡು ಪ್ರಶ್ನೆಗಳು ಇತ್ಯರ್ಥವಾಗಬೇಕು: ಯಾವ ಆಟಗಳನ್ನು ಆಡಬೇಕು, ಯಾವ ಪರದೆಯ ಮೇಲೆ ಆಡಬೇಕು. ಹುಡುಗ ಸ್ನೇಹಿತರ ಜೊತೆ ಆಡುವುದು ವ್ಯಾಲರಂಟ್ ಮತ್ತು ಕೌಂಟರ್ ಸ್ಟ್ರೈಕ್ 2. ಒಬ್ಬನೇ ಇದ್ದಾಗ ಸೈಬರ್‌ಪಂಕ್ 2077ರಂತಹ ಕಥೆಯುಳ್ಳ ದೊಡ್ಡ ಆಟಗಳನ್ನೂ ಆಡಬೇಕೆಂಬ ಆಸೆ ಇದೆ. ಇವೆರಡೂ ಬೇರೆ ಬೇರೆ ಬೇಡಿಕೆಗಳು. ಮೊದಲ ಬಗೆಯ ಆಟಗಳು ಗ್ರಾಫಿಕ್ಸ್ ಕಾರ್ಡಿಗೆ ಹಗುರ, ಆದರೆ ಸೆಕೆಂಡಿಗೆ 144 ಚಿತ್ರಗಳನ್ನು ಬೇಡುವುದರಿಂದ ಪ್ರೊಸೆಸರ್‌ಗೆ ಭಾರ. ಎರಡನೆಯ ಬಗೆಯಲ್ಲಿ 60 ಚಿತ್ರ ಬಂದರೆ ಆಟಗಾರನಿಗೆ ತೃಪ್ತಿ, ಆದರೆ ಅಷ್ಟನ್ನು ಕೊಡಲು ಗ್ರಾಫಿಕ್ಸ್ ಕಾರ್ಡ್ ಏದುಸಿರು ಬಿಡುತ್ತದೆ. ಪರದೆಯ ಮಾತಿಗೆ ಬಂದರೆ, 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿದ್ದರೆ 1440ಪಿ ಪರದೆಯಲ್ಲಿ 36.9 ಲಕ್ಷ ಇರುತ್ತವೆ. ಪರದೆ ಒಂದು ಮೆಟ್ಟಿಲು ಮೇಲೇರಿದರೆ ಪ್ರತಿಯೊಂದು ಚಿತ್ರಕ್ಕೂ ಮುಕ್ಕಾಲು ಪಾಲಿಗಿಂತ ಹೆಚ್ಚಿನ ಕೆಲಸ ಕಾರ್ಡಿನ ಮೇಲೆ ಬೀಳುತ್ತದೆ ಎಂದು ಅರ್ಥ. ನಮ್ಮ ಮೊತ್ತಕ್ಕೆ 24 ಇಂಚಿನ, 144 ಹರ್ಟ್ಸ್‌ಗಿಂತ ಕಡಿಮೆಯಿಲ್ಲದ (ಎಂದರೆ ಸೆಕೆಂಡಿಗೆ ಕನಿಷ್ಠ 144 ಸಲ ಚಿತ್ರ ಬದಲಿಸುವ) 1080ಪಿ ಐಪಿಎಸ್ ಬಗೆಯ ಮಾನಿಟರೇ ಸರಿ ಎಂದು ಮೊದಲೇ ತೀರ್ಮಾನಿಸಿದೆವು. 60 ಹರ್ಟ್ಸ್ ಪರದೆಯಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144 ಹರ್ಟ್ಸ್‌ನಲ್ಲಿ 6.9. ಗುರಿಯಿಟ್ಟು ಹೊಡೆಯುವ ಆಟಗಳಲ್ಲಿ ಈ ವ್ಯತ್ಯಾಸ ಕೈಗೆ ತಿಳಿಯುತ್ತದೆ.

ಈಗ ಗ್ರಾಫಿಕ್ಸ್ ಕಾರ್ಡ್. ಒಟ್ಟು ಮೊತ್ತದಲ್ಲಿ ಮೂರನೆಯ ಒಂದು ಪಾಲನ್ನು, ಎಂದರೆ 22ರಿಂದ 25 ಸಾವಿರವನ್ನು ನಾನು ಇದಕ್ಕೆ ಮೀಸಲಿಟ್ಟೆ. ಸಣ್ಣಕ್ಷರಗಳ ಬಲೆ ಅತಿ ದಟ್ಟವಾಗಿರುವುದೂ ಇಲ್ಲಿಯೇ. ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3050 ಎಂಬ ಹೆಸರನ್ನೇ ನೋಡೋಣ. 2022ರಲ್ಲಿ ಬಂದ ಮೂಲ ಕಾರ್ಡಿನಲ್ಲಿ 8 ಜಿಬಿ ಮೆಮೊರಿ, 128 ಬಿಟ್‌ನ ಮೆಮೊರಿ ದಾರಿ, ಲೆಕ್ಕ ಮಾಡುವ 2560 ಕೋರ್‌ಗಳಿದ್ದವು. 2024ರಲ್ಲಿ ಅದೇ ಹೆಸರಿನಲ್ಲಿ ಬಂದ ಇನ್ನೊಂದು ಕಾರ್ಡಿನಲ್ಲಿ 6 ಜಿಬಿ ಮೆಮೊರಿ, 96 ಬಿಟ್ ದಾರಿ, 2304 ಕೋರ್‌ಗಳು. ಮೆಮೊರಿ ಎರಡು ಜಿಬಿ ಕಡಿಮೆ, ಅಷ್ಟೇ ತಾನೆ ಎಂದು ಕೊಳ್ಳುವವರು ಅಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಮೆಮೊರಿಯ ವೇಗ ಸೆಕೆಂಡಿಗೆ 224 ಜಿಬಿಯಿಂದ 168 ಜಿಬಿಗೆ ಇಳಿದಿದೆ, ಕೋರ್‌ಗಳೂ ಕಡಿಮೆಯಾಗಿವೆ. ಅದನ್ನು ಬೇರೆ ಹೆಸರಿನಿಂದ ಕರೆದಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಹಾಗೆಂದು ಅದು ನಿರುಪಯೋಗಿಯಲ್ಲ. 70 ವ್ಯಾಟ್‌ನಲ್ಲಿ ಕೆಲಸ ಮಾಡುವುದರಿಂದ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ತಂತಿಯನ್ನು ಅದು ಬೇಡುವುದಿಲ್ಲ, ಮತ್ತು ಈ ಗುಣಕ್ಕೆ ಬೆಲೆ ಬರುವ ಒಂದು ಸಂದರ್ಭವನ್ನು ಮುಂದೆ ಹೇಳುತ್ತೇನೆ.

ಇದಕ್ಕಿಂತ ದೊಡ್ಡ ಬಲೆ 2022ರಲ್ಲೇ ಬಂದ ಎಎಂಡಿ ಕಂಪನಿಯ ಆರ್‌ಎಕ್ಸ್ 6500 ಎಕ್ಸ್‌ಟಿ. ಹೆಸರಿನ ತುದಿಯಲ್ಲಿ ಎಕ್ಸ್‌ಟಿ ಇರುವುದರಿಂದ ಮೇಲ್ದರ್ಜೆಯದೆಂಬ ಭಾವನೆ ಬರುತ್ತದೆ. ಆದರೆ ಅದರ ಮೆಮೊರಿ 4 ಜಿಬಿ, ದಾರಿ 64 ಬಿಟ್, ಮತ್ತು ಮದರ್‌ಬೋರ್ಡಿನೊಂದಿಗೆ ಮಾತಾಡಲು ಅದಕ್ಕಿರುವುದು ನಾಲ್ಕೇ ಪಿಸಿಐಇ ಲೇನ್‌ಗಳು, ಎಂದರೆ ದತ್ತಾಂಶ ಸಾಗುವ ಹಾದಿಗಳು. ನಾಲ್ಕನೆಯ ಪೀಳಿಗೆಯ ಪಿಸಿಐಇ ಇರುವ ಬೋರ್ಡಿನಲ್ಲಿ ಹೇಗೋ ನಡೆಯುತ್ತದೆ. ಮೂರನೆಯ ಪೀಳಿಗೆಯ ಬೋರ್ಡಿನಲ್ಲಿ ಹಾಕಿದರೆ ಆ ದಾರಿಯ ವೇಗ ಅರ್ಧಕ್ಕೆ ಇಳಿಯುತ್ತದೆ. ಆಟದ ಚಿತ್ರಸಾಮಗ್ರಿ 4 ಜಿಬಿಯಲ್ಲಿ ಹಿಡಿಸದೆ ಮುಖ್ಯ ರ್‍ಯಾಮ್‌ನಿಂದ ಅದೇ ಕಿರಿದಾದ ದಾರಿಯಲ್ಲಿ ಬರಬೇಕಾದಾಗ ಆಟ ತಡವರಿಸುತ್ತದೆ. ಕಡಿಮೆ ಬೆಲೆಯ ಕಾರ್ಡನ್ನು ಕೊಳ್ಳುವವರ ಬಳಿಯೇ ಹಳೆಯ ಬೋರ್ಡ್ ಇರುವ ಸಂಭವ ಹೆಚ್ಚು ಎಂಬುದನ್ನು ಯೋಚಿಸಿದರೆ, ಈ ವಿನ್ಯಾಸ ಯಾರಿಗಾಗಿ ಆಯಿತೋ ಅವರಿಗೇ ಹೊರೆಯಾಗಿದೆ. ಸಾಲದ್ದಕ್ಕೆ ವಿಡಿಯೊ ಮುದ್ರಿಸಿಕೊಳ್ಳುವ ಎನ್‌ಕೋಡರನ್ನೂ ಅದರಲ್ಲಿ ಕೈಬಿಟ್ಟಿದ್ದಾರೆ. ಆಡಿದ್ದನ್ನು ಕಾರ್ಡಿನ ನೆರವಿನಿಂದ ಧ್ವನಿಮುದ್ರಣದೊಡನೆ ಚಿತ್ರೀಕರಿಸಿ ಯೂಟ್ಯೂಬ್‌ಗೆ ಹಾಕಬೇಕೆಂದುಕೊಂಡವರಿಗೆ ಅದು ಸಿಗುವುದಿಲ್ಲ.

ಇನ್ನೂ ಕೆಳಗೆ ಹೋದರೆ ಜಿಟಿ 710, ಜಿಟಿ 730ಗಳನ್ನು ‘ಗೇಮಿಂಗ್ ಪಿಸಿ’ ಎಂಬ ಫಲಕದ ಅಡಿಯಲ್ಲಿ, ಬಣ್ಣಬಣ್ಣದ ಫ್ಯಾನ್‌ಗಳ ಹಿಂದೆ ಅಡಗಿಸಿ ಮಾರುವುದನ್ನು ಕಾಣಬಹುದು. ಅವು ಪರದೆಯ ಮೇಲೆ ಚಿತ್ರ ಮೂಡಿಸುವ ಕಾರ್ಡ್‌ಗಳೇ ಹೊರತು ಇಂದಿನ ಆಟಗಳಿಗೆ ಹೇಳಿದವಲ್ಲ. ಜಿಟಿ 1030ರಲ್ಲಂತೂ ಜಿಡಿಡಿಆರ್5 ಮೆಮೊರಿಯ ಒಂದು ರೂಪ, ಸಾಮಾನ್ಯ ಡಿಡಿಆರ್4 ಮೆಮೊರಿಯ ಇನ್ನೊಂದು ರೂಪ ಇದ್ದು, ಎರಡನೆಯದರ ಮೆಮೊರಿ ವೇಗ ಮೊದಲನೆಯದರ ಸುಮಾರು ಮೂರನೆಯ ಒಂದು ಪಾಲು. ಎರಡರ ಹೆಸರೂ ಒಂದೇ.

ನಾವು ಆರಿಸಿದ್ದು ಆರ್‌ಎಕ್ಸ್ 6600. 2021ರ ಕಾರ್ಡ್, ಹೊಸದೇನಲ್ಲ. 8 ಜಿಬಿ ಮೆಮೊರಿ, 128 ಬಿಟ್ ದಾರಿ, 132 ವ್ಯಾಟ್ ಬಳಕೆ, ಎಂಟು ಲೇನ್‌ಗಳು. 1080ಪಿಯಲ್ಲಿ ದೊಡ್ಡ ಆಟಗಳನ್ನು ಮಧ್ಯಮದಿಂದ ಮೇಲಿನ ಸೆಟ್ಟಿಂಗ್‌ಗಳಲ್ಲಿ ಆಡಿಸುವ ಶಕ್ತಿ ಅದಕ್ಕಿದೆ. ಬೆಳಕು ನೆರಳುಗಳನ್ನು ಲೆಕ್ಕಹಾಕಿ ಮೂಡಿಸುವ ರೇ ಟ್ರೇಸಿಂಗ್‌ನಲ್ಲಿ ದುರ್ಬಲ, ಆದರೂ ಅದಕ್ಕೆ ಬೇಕಾದ ಯಂತ್ರಾಂಶ ಒಳಗಿದೆ ಎಂಬುದು ಮುಖ್ಯ. 2024ರ ಕೊನೆಯಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟ ಮತ್ತು 2025ರ ಡೂಮ್, ಈ ಯಂತ್ರಾಂಶವಿರುವ ಕಾರ್ಡನ್ನೇ ಕನಿಷ್ಠ ಅರ್ಹತೆಯಾಗಿ ಕೇಳುತ್ತವೆ. ಇನ್ನು ಮುಂದೆ ಇಂತಹ ಆಟಗಳು ಹೆಚ್ಚುತ್ತವೆ ಎಂಬುದು ನನ್ನ ಎಣಿಕೆ. ಜಿಟಿಎಕ್ಸ್ 1650 ಅಥವಾ ಆರ್‌ಎಕ್ಸ್ 580ಗಳನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡವೆನ್ನಲು ಇದೇ ಕಾರಣ. ಇನ್ನೊಂದಷ್ಟು ಸಾವಿರ ಕೂಡಿಸಬಲ್ಲವರಿಗೆ ಆರ್‌ಟಿಎಕ್ಸ್ 4060 ಅಥವಾ 5060 ಒಳ್ಳೆಯವು, ಏಕೆಂದರೆ ಎನ್ವಿಡಿಯಾದ ಡಿಎಲ್‌ಎಸ್‌ಎಸ್ ಸಿಗುತ್ತದೆ. ಕಡಿಮೆ ಪಿಕ್ಸೆಲ್‌ಗಳಲ್ಲಿ ಚಿತ್ರ ಬಿಡಿಸಿ ಅದನ್ನು ದೊಡ್ಡದಾಗಿಸುವ ಈ ತಂತ್ರ ಎಎಂಡಿಯ ಎಫ್‌ಎಸ್‌ಆರ್‌ನಲ್ಲೂ ಇದೆ, ಅದರ ಹಳೆಯ ಆವೃತ್ತಿಗಳು ಎಲ್ಲ ಕಂಪನಿಗಳ ಕಾರ್ಡ್‌ಗಳಲ್ಲೂ ನಡೆಯುತ್ತವೆ. ಆದರೆ 1080ಪಿಯಂತಹ ಚಿಕ್ಕ ಪರದೆಯಲ್ಲಿ ಎನ್ವಿಡಿಯಾದ ಚಿತ್ರವೇ ಹೆಚ್ಚು ಶುಭ್ರ ಎಂಬುದನ್ನು ಒಪ್ಪಲೇಬೇಕು. ಇಂಟೆಲ್‌ನ ಆರ್ಕ್ ಬಿ580 ಎಂಬುದು 12 ಜಿಬಿ ಮೆಮೊರಿಯ ಆಕರ್ಷಕ ಕಾರ್ಡ್. ಅದಕ್ಕೆ ಮದರ್‌ಬೋರ್ಡಿನಲ್ಲಿ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಚಾಲೂ ಇರಲೇಬೇಕು, ಮತ್ತು ಅದನ್ನು ನಡೆಸುವ ಡ್ರೈವರ್ ತಂತ್ರಾಂಶ ಪ್ರೊಸೆಸರ್ ಮೇಲೆ ಹೆಚ್ಚು ಹೊರೆ ಹಾಕುವುದರಿಂದ ಹಳೆಯ ಅಥವಾ ಸಾಧಾರಣ ಪ್ರೊಸೆಸರ್‌ಗಳೊಂದಿಗೆ ಹಲವು ಆಟಗಳಲ್ಲಿ ಹಿಂದೆ ಬೀಳುತ್ತದೆ. ನಮ್ಮ ಪಟ್ಟಿಯ ಪ್ರೊಸೆಸರ್ ಆ ಗುಂಪಿಗೇ ಸೇರುವುದರಿಂದ ಅದನ್ನು ಕೈಬಿಟ್ಟೆವು.

ಹಳೆಯ ಕಾರ್ಡ್‌ಗಳ ಬಗ್ಗೆ ಒಂದು ಮಾತು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಎಂಬ ಕ್ರಿಪ್ಟೊ ಹಣ ತನ್ನ ವಿಧಾನವನ್ನು ಬದಲಿಸಿದ ಮೇಲೆ ಅದನ್ನು ಗಳಿಸುವ ಮೈನಿಂಗ್‌ನಲ್ಲಿದ್ದ ಕಾರ್ಡ್‌ಗಳು ರಾಶಿರಾಶಿಯಾಗಿ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬಂದವು. ಮೈನಿಂಗ್ ಮಾಡಿದ ಕಾರ್ಡೆಂದರೆ ಸತ್ತ ಕಾರ್ಡೆಂದೇನೂ ಅಲ್ಲ. ಹೆಚ್ಚಿನವಲ್ಲಿ ಫ್ಯಾನ್ ಮತ್ತು ಥರ್ಮಲ್ ಪ್ಯಾಡ್‌ಗಳು ಸವೆದಿರುತ್ತವೆ. ನನಗೆ ಹೆಚ್ಚು ಭಯವಿರುವುದು ಆರ್‌ಎಕ್ಸ್ 580ರ 2048 ಎಸ್‌ಪಿ ಎಂಬ ರೂಪದ ಬಗ್ಗೆ. ನಿಜವಾದ 580ರಲ್ಲಿ 2304 ಘಟಕಗಳಿರುತ್ತವೆ. 2048 ಇರುವುದು 570ರಲ್ಲಿ. ಮಾರುವವರು ಪೆಟ್ಟಿಗೆಯ ಮೇಲೆ 580 ಎಂದಷ್ಟೇ ದೊಡ್ಡದಾಗಿ ಬರೆದಿರುತ್ತಾರೆ. ಪರೀಕ್ಷಿಸಲು ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಸಾಕು, ಆದರೆ ಅದನ್ನು ಓಡಿಸಿ ತೋರಿಸಲು ಒಪ್ಪುವ ಮಾರಾಟಗಾರರು ಸಿಗಬೇಕು. ವಾರಂಟಿ ಉಳಿದಿರುವ, ಬಿಲ್ಲು ಇರುವ, ಎದುರಿಗೇ ಆಟ ಓಡಿಸಿ ತೋರಿಸುವ ಕಾರ್ಡ್ ಸಿಕ್ಕರೆ ಹಳೆಯದನ್ನು ಕೊಳ್ಳುವುದರಲ್ಲಿ ಸಂಕೋಚ ಬೇಡ.

ಪ್ರೊಸೆಸರ್‌ಗೆ ಬರೋಣ. ಇಲ್ಲಿ ನಮ್ಮ ಮುಂದೆ ಇದ್ದವು ಎಎಂಡಿಯ ರೈಜೆನ್ 5 5600 ಮತ್ತು ಇಂಟೆಲ್‌ನ ಐ5-12400ಎಫ್. ಎರಡೂ 2022ರವು, ಎರಡರಲ್ಲೂ ಆರು ಕೋರ್, ಹನ್ನೆರಡು ಥ್ರೆಡ್. ಆಟಗಳಲ್ಲಿ ಎರಡರ ನಡುವೆ ಹೇಳಿಕೊಳ್ಳುವಂತಹ ಅಂತರವಿಲ್ಲ. ಅಂಗಡಿಯವರು ಒಂದೆರಡು ಸಾವಿರ ಉಳಿಸುವ ನೆಪದಲ್ಲಿ ಮುಂದಿಡುವುದು ರೈಜೆನ್ 5 5500. ಹೆಸರಿನಲ್ಲಿ ನೂರರಷ್ಟು ವ್ಯತ್ಯಾಸ, ಆದರೆ ಒಳಗಿರುವ ಚಿಪ್ಪೇ ಬೇರೆ: 5600ರಲ್ಲಿ 32 ಎಂಬಿ ಎಲ್3 ಕ್ಯಾಶೆ ಇದ್ದರೆ 5500ರಲ್ಲಿ 16 ಎಂಬಿ, ಮತ್ತು ಅದಕ್ಕೆ ಗೊತ್ತಿರುವುದು ಮೂರನೆಯ ಪೀಳಿಗೆಯ ಪಿಸಿಐಇ ಮಾತ್ರ. ಸೆಕೆಂಡಿಗೆ ನೂರೈವತ್ತು ಚಿತ್ರಗಳನ್ನು ಬೇಡುವ ಆಟಗಳಲ್ಲಿ ಕ್ಯಾಶೆ ಎಂಬುದು ಬಹಳ ಕೆಲಸ ಮಾಡುತ್ತದೆ, ಏಕೆಂದರೆ ಬೇಕಾದ ದತ್ತಾಂಶ ಪ್ರೊಸೆಸರ್‌ನ ಪಕ್ಕದಲ್ಲೇ ಇದ್ದರೆ ರ್‍ಯಾಮ್‌ವರೆಗೆ ಹೋಗಿಬರುವ ಕಾಲ ಉಳಿಯುತ್ತದೆ. ಹೆಸರಿನ ಈ ತಂತ್ರವನ್ನು ಎಎಂಡಿಯವರು ಒಂದು ಮೆಟ್ಟಿಲು ಮೇಲೆಯೂ ಹೂಡಿದ್ದಾರೆ: ರೈಜೆನ್ 7 5700ಎಕ್ಸ್‌ನಲ್ಲಿ 32 ಎಂಬಿ, ಎಕ್ಸ್ ಇಲ್ಲದ 5700ರಲ್ಲಿ 16. ಎಂಟು ಕೋರ್ ಎಂದು ಮೆಚ್ಚಿ ಎರಡನೆಯದನ್ನು ಕೊಂಡವರು ಆಟಗಳಲ್ಲಿ ಆರು ಕೋರಿನ 5600ಕ್ಕಿಂತ ಹಿಂದೆ ಉಳಿಯಬಹುದು.

ಇನ್ನೂ ಕಡಿಮೆ ಹಣವಿದ್ದರೆ ನಾಲ್ಕು ಕೋರಿನ ಐ3-12100ಎಫ್ ಕೂಡ ಮರ್ಯಾದಸ್ಥ ಆಯ್ಕೆಯೇ. ಇಂಟೆಲ್‌ನ ಹೆಸರುಗಳ ತುದಿಯಲ್ಲಿ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದು ಅರ್ಥ. ರೈಜೆನ್ 5600ರಲ್ಲೂ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಕೆಟ್ಟು ರಿಪೇರಿಗೆ ಹೋದರೆ ಅದು ಮರಳುವವರೆಗೆ ಪರದೆ ಕಪ್ಪಾಗಿಯೇ ಇರುತ್ತದೆ. ಕಾಲೇಜಿನ ಕೆಲಸವೂ ಇದೇ ಯಂತ್ರದಲ್ಲಿ ನಡೆಯಬೇಕಿದ್ದರೆ ಇದನ್ನು ಯೋಚಿಸಬೇಕು. ನಮ್ಮ ಹುಡುಗನ ಬಳಿ ಲ್ಯಾಪ್‌ಟಾಪ್ ಒಂದಿರುವುದರಿಂದ ಚಿಂತೆ ಇರಲಿಲ್ಲ.

‘ಈಗಲೂ ಎಎಂ4 ಸಾಕೆಟ್ ಕೊಳ್ಳುವುದೇ?’ ಎಂದು ಕೇಳುವವರಿದ್ದಾರೆ. ನಾವು ಆರಿಸಿದ 5600 ಮದರ್‌ಬೋರ್ಡಿನಲ್ಲಿ ಕೂರುವ, 2016ರಲ್ಲಿ ಬಂದ ಸಾಕೆಟ್ ಅದು. 2022ರಲ್ಲಿ ಎಎಂ5 ಬಂತು, 2027ರವರೆಗೂ ಅದರಾಚೆಗೂ ಅದನ್ನು ಬೆಂಬಲಿಸುವುದಾಗಿ ಎಎಂಡಿ ಹೇಳಿದೆ. ಸಾಮಾನ್ಯ ಕಾಲದಲ್ಲಾದರೆ ನಾನೂ ಎಎಂ5 ಎಂದೇ ಹೇಳುತ್ತಿದ್ದೆ. ಆದರೆ ಎಎಂ5 ಬೋರ್ಡಿಗೆ ಡಿಡಿಆರ್5 ರ್‍ಯಾಮ್ ಬಿಟ್ಟು ಬೇರೆ ಹಿಡಿಸುವುದಿಲ್ಲ, ಮತ್ತು 2025ರ ಕೊನೆಯ ತಿಂಗಳುಗಳಿಂದ ರ್‍ಯಾಮ್ ಬೆಲೆ ಏರಿದ ಪರಿ ಹಿಂದಿನ ಲೆಕ್ಕಗಳನ್ನೆಲ್ಲ ಬುಡಮೇಲು ಮಾಡಿದೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಹೇರಳವಾಗಿ ಕೊಳ್ಳುತ್ತಿರುವುದರಿಂದ ತಯಾರಕರಿಗೆ ನಮ್ಮಂತಹ ಬಿಡಿ ಗ್ರಾಹಕರು ಬೇಡವಾಗಿದ್ದಾರೆ. ಮೈಕ್ರಾನ್ ಕಂಪನಿ ತನ್ನ ಕ್ರೂಶಿಯಲ್ ಬ್ರ್ಯಾಂಡಿನ ಗ್ರಾಹಕ ವ್ಯವಹಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಡಿಡಿಆರ್4 ಕೂಡ ದುಬಾರಿಯಾಗಿದೆ, ಆದರೆ ಅದು ಹಳೆಯ ಯಂತ್ರಗಳಿಂದ ಬಿಚ್ಚಿದ ಸುಸ್ಥಿತಿಯ ಸರಕಾಗಿಯೂ ಸಿಗುತ್ತದೆ, ಮತ್ತು ಬಿಡಿಭಾಗಗಳ ಪೈಕಿ ನಾನು ಅಷ್ಟೆಲ್ಲ ವಿಚಾರಿಸದೆ ಹಳೆಯದನ್ನು ಕೊಳ್ಳುವುದು ರ್‍ಯಾಮ್ ಒಂದನ್ನೇ. ಬಂದ ದಿನವೇ ಮೆಮ್‌ಟೆಸ್ಟ್ ಎಂಬ ಪರೀಕ್ಷಾ ತಂತ್ರಾಂಶ ಓಡಿಸಿ ನೋಡಿದರೆ ಅದರ ಯೋಗ್ಯತೆ ಗೊತ್ತಾಗುತ್ತದೆ.

ರ್‍ಯಾಮ್ ಕೊಳ್ಳುವಾಗ 16 ಜಿಬಿಯ ಒಂದೇ ಕಡ್ಡಿಯನ್ನಲ್ಲದೆ 8 ಜಿಬಿಯ ಎರಡನ್ನು ಕೊಳ್ಳಬೇಕು. ಡಿಡಿಆರ್4-3200ರ ಒಂದು ಚಾನೆಲ್ ಸೆಕೆಂಡಿಗೆ 25.6 ಜಿಬಿ ಸಾಗಿಸಿದರೆ ಎರಡು ಕಡ್ಡಿಗಳ ಎರಡು ಚಾನೆಲ್‌ಗಳು 51.2 ಜಿಬಿ ಸಾಗಿಸುತ್ತವೆ. ‘ಮುಂದೆ ಇನ್ನೊಂದು ಹಾಕಿಸಿಕೊಳ್ಳಬಹುದು’ ಎಂದು ಅಂಗಡಿಯವರು ಒಂದನ್ನೇ ಹಾಕಿಕೊಟ್ಟ ಯಂತ್ರಗಳು ವರ್ಷಗಟ್ಟಲೆ ಒಂದೇ ಚಾನೆಲ್‌ನಲ್ಲಿ ಕುಂಟುವುದನ್ನು ಕಂಡಿದ್ದೇನೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ 5600ಜಿ ಅಥವಾ 8600ಜಿಯಂತಹ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್ ಮೇಲೆಯೇ ಆಡುವವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಆ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. ಅದು ಉಣ್ಣುವುದು ಇದೇ ತಟ್ಟೆಯಿಂದ. ಬರೀ ವ್ಯಾಲರಂಟ್ ಆಡುವುದಾದರೆ ಎರಡು ಚಾನೆಲ್ ರ್‍ಯಾಮ್ ಇರುವ 5600ಜಿ ಒಂದೇ 1080ಪಿಯಲ್ಲಿ 60ಕ್ಕೂ ಹೆಚ್ಚು ಚಿತ್ರಗಳನ್ನು ಕೊಡುತ್ತದೆ. ಮೊತ್ತ ತೀರ ಸಣ್ಣದಿದ್ದವರು ಅಲ್ಲಿಂದ ಆರಂಭಿಸಿ ಗ್ರಾಫಿಕ್ಸ್ ಕಾರ್ಡನ್ನು ಆಮೇಲೆ ಸೇರಿಸಬಹುದು, ಆದರೆ 5600ಜಿಯಲ್ಲೂ ಮೂರನೆಯ ಪೀಳಿಗೆಯ ಪಿಸಿಐಇಯೇ ಇರುವುದೆಂಬುದು ನೆನಪಿರಲಿ.

ಮದರ್‌ಬೋರ್ಡಿನಿಂದ ಒಂದು ಚಿತ್ರವೂ ಹೆಚ್ಚಾಗುವುದಿಲ್ಲ. ಅದಕ್ಕೆ ಕೊಡುವ ಹಣ ಅದು ತೆರೆಯುವ ಬಾಗಿಲುಗಳಿಗೆ. ಬಿ450 ಮತ್ತು ಎ520 ಬೋರ್ಡ್‌ಗಳಲ್ಲಿ ಕಾರ್ಡಿಗೆ ಮೂರನೆಯ ಪೀಳಿಗೆಯ ದಾರಿ, ಬಿ550ರಲ್ಲಿ ನಾಲ್ಕನೆಯದು. ಎಂಟು ಲೇನಿನ ಆರ್‌ಎಕ್ಸ್ 6600ಗೆ ಈ ವ್ಯತ್ಯಾಸ ಅಲ್ಪ, ಮುಂದೆ ಹಾಕಬಹುದಾದ ಕಾರ್ಡಿಗೆ ಅಲ್ಪವಲ್ಲದಿರಬಹುದು. ನಾಲ್ಕು ರ್‍ಯಾಮ್ ಸ್ಲಾಟ್, ಆಟಗಳನ್ನು ತುಂಬಿಡುವ ಎಸ್‌ಎಸ್‌ಡಿಗೆ ಎರಡು ಎಂ.2 ಸ್ಲಾಟ್ ಇರುವ ಸಾಧಾರಣ ಬಿ550 ಬೋರ್ಡ್ ತೆಗೆದುಕೊಂಡೆವು. ಬೆಳಕಿನ ಅಲಂಕಾರ, ವೈಫೈ ಇವುಗಳಿಗೆ ಹಣ ಕೊಡಲಿಲ್ಲ. ಹಳೆಯ ಸ್ಟಾಕಿನ ಬಿ450 ಬೋರ್ಡ್ ಕೊಳ್ಳುವವರು ಅದರ ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) 5000 ಸರಣಿಯ ಪ್ರೊಸೆಸರ್‌ಗಳನ್ನು ಗುರುತಿಸುತ್ತದೆಯೇ ಎಂದು ಅಂಗಡಿಯಲ್ಲೇ ಖಚಿತಪಡಿಸಿಕೊಳ್ಳಬೇಕು.

ಎಸ್‌ಎಸ್‌ಡಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ ಸೆಕೆಂಡಿಗೆ 3500 ಎಂಬಿ ಓದಿದರೂ 7000 ಎಂಬಿ ಓದಿದರೂ ಆಟ ತೆರೆದುಕೊಳ್ಳುವ ಹೊತ್ತಿನಲ್ಲಿ ಕಣ್ಣಿಗೆ ಕಾಣುವ ಅಂತರ ಸಣ್ಣದು. ವೇಗಕ್ಕೆ ಕೊಡುವ ಹಣವನ್ನು ಜಾಗಕ್ಕೆ ಕೊಡುವುದು ಮೇಲು, ಏಕೆಂದರೆ ಇಂದಿನ ದೊಡ್ಡ ಆಟಗಳಲ್ಲಿ ಹಲವು ಒಂದೊಂದೇ 100 ಜಿಬಿ ಮೀರುತ್ತವೆ. ಬೆಲೆ ಏರಿಕೆಯ ಈ ದಿನಗಳಲ್ಲಿ 500 ಜಿಬಿಗೇ ತೃಪ್ತಿಪಡಬೇಕಾಯಿತು.

ಎಸ್‌ಎಂಪಿಎಸ್ ವಿಷಯದಲ್ಲಿ ಮಾತ್ರ ನಾನು ರಾಜಿಗೆ ಒಪ್ಪುವವನಲ್ಲ, ಮತ್ತು ನಮ್ಮ ಊರುಗಳಲ್ಲಿ ಅತಿ ಹೆಚ್ಚು ರಾಜಿ ನಡೆಯುವುದು ಇಲ್ಲಿಯೇ. ಕ್ಯಾಬಿನೆಟ್ ಜೊತೆ ‘ಉಚಿತ’ವಾಗಿ ಬರುವ, ಕೈಯಲ್ಲಿ ಹಿಡಿದರೆ ಹಗುರವೆನಿಸುವ ಎಸ್‌ಎಂಪಿಎಸ್‌ನ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿರುತ್ತದೆ. ಅದರ ತಲೆಬರಹದ 450 ಅಥವಾ 500 ಎಂಬ ಅಂಕಿಯನ್ನು ನೋಡಬಾರದು. ಕೋಷ್ಟಕದಲ್ಲಿ 12 ವೋಲ್ಟ್ ಸಾಲಿನ ಕೆಳಗೆ ಎಷ್ಟು ಆಂಪಿಯರ್ ಬರೆದಿದೆ ಎಂದು ನೋಡಬೇಕು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಶಕ್ತಿ ಪಡೆಯುವುದು ಮುಖ್ಯವಾಗಿ ಆ ಸಾಲಿನಿಂದ. ಅಲ್ಲಿ 16 ಆಂಪಿಯರ್ ಇದ್ದರೆ 12ರಿಂದ ಗುಣಿಸಿ: 192 ವ್ಯಾಟ್. ಉಳಿದದ್ದು 3.3 ಮತ್ತು 5 ವೋಲ್ಟ್ ಸಾಲುಗಳಲ್ಲಿ ಬರೆದ, ಇಂದಿನ ಯಂತ್ರಕ್ಕೆ ಅಷ್ಟಾಗಿ ಬೇಡದ ಶಕ್ತಿ. ಆರ್‌ಎಕ್ಸ್ 6600ಗೇ 132 ವ್ಯಾಟ್ ಬೇಕು, ಪ್ರೊಸೆಸರ್ 76ರವರೆಗೆ ಎಳೆಯಬಹುದು. ಇವೆರಡು ಸೇರಿದರೇ 208 ವ್ಯಾಟ್. ಇಂತಹ ಎಸ್‌ಎಂಪಿಎಸ್ ಮೇಲೆ ಆ ಹೊರೆ ಹಾಕಿದರೆ ಆಟದ ನಡುವೆ ಯಂತ್ರ ಆರಿಹೋಗುವುದು ಒಳ್ಳೆಯ ಅಂತ್ಯ. ಕೆಟ್ಟ ಅಂತ್ಯದಲ್ಲಿ ಅದು ತನ್ನೊಂದಿಗೆ ಬೋರ್ಡನ್ನೂ ಕಾರ್ಡನ್ನೂ ಕರೆದೊಯ್ಯುತ್ತದೆ. ಹೆಸರುವಾಸಿ ತಯಾರಕರ 550 ವ್ಯಾಟ್‌ನ, 80 ಪ್ಲಸ್ ಬ್ರಾಂಝ್ ಮುದ್ರೆಯ ಎಸ್‌ಎಂಪಿಎಸ್ ನಮ್ಮ ಆಯ್ಕೆ. ಈ ಮುದ್ರೆ ಹೇಳುವುದು ದಕ್ಷತೆಯನ್ನೇ ಹೊರತು ಗುಣಮಟ್ಟವನ್ನಲ್ಲ ಎಂಬುದೂ ಗೊತ್ತಿರಬೇಕು. ಆದ್ದರಿಂದ ವಾರಂಟಿ ಎಷ್ಟು ವರ್ಷ ಎಂದು ನೋಡುವುದು ಇನ್ನೊಂದು ಅಳತೆಗೋಲು. ಐದು ವರ್ಷ ಕೊಡುವ ಕಂಪನಿಗೆ ತನ್ನ ಸರಕಿನ ಮೇಲೆ ಒಂದಿಷ್ಟು ನಂಬಿಕೆ ಇರಲೇಬೇಕು.

ಇದರ ಜೊತೆಗೇ ಯುಪಿಎಸ್. ದಾವಣಗೆರೆಯಂತಹ ಊರಿನಲ್ಲೂ ಬೇಸಿಗೆಯಲ್ಲಿ ಕರೆಂಟ್ ಹೋಗಿಬರುವುದು ಇದ್ದದ್ದೇ. ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್ ಮಾತ್ರ. ಆಟದ ಹೊತ್ತಿನಲ್ಲಿ ಯಂತ್ರ ಮತ್ತು ಮಾನಿಟರ್ ಸೇರಿ 300ರ ಹತ್ತಿರ ಹೋಗುವುದರಿಂದ ಬ್ಯಾಟರಿ ಸ್ವಲ್ಪ ಹಳತಾದರೂ ಕರೆಂಟ್ ಹೋದ ಕ್ಷಣಕ್ಕೇ ಎಲ್ಲವೂ ಆರುತ್ತದೆ. 1000 ಅಥವಾ 1100 ವಿಎಯದ್ದು ಸೂಕ್ತ. ಅದರ ಉದ್ದೇಶ ಆಟ ಮುಂದುವರಿಸುವುದಲ್ಲ, ಉಳಿಸಿಕೊಂಡು ಮುಚ್ಚುವಷ್ಟು ಹೊತ್ತು ಕೊಡುವುದು. ಮನೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿದ್ದಕ್ಕೆ ಭಾವ ನಕ್ಕರು, ಆದರೆ ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ.

ಕ್ಯಾಬಿನೆಟ್ ಮುಂಭಾಗದಲ್ಲಿ ಗಾಜಿನ ಬದಲು ಜಾಲರಿ ಇರಲಿ, ಎರಡು ಫ್ಯಾನ್ ಇರಲಿ, ಧೂಳಿನ ಸೋಸುಬಟ್ಟೆ ಬಿಚ್ಚಿ ತೊಳೆಯುವಂತಿರಲಿ. ಪ್ರೊಸೆಸರ್ ಪೆಟ್ಟಿಗೆಯಲ್ಲಿ ಬರುವ ಕೂಲರೇ 5600ಗೆ ಸಾಕು.

ಒಟ್ಟು ಮೊತ್ತ 35–40 ಸಾವಿರ ದಾಟದವರಿಗೆ ಇನ್ನೊಂದು ದಾರಿ ಇದೆ, ಮತ್ತು ಅದರಲ್ಲಿ ಬೆಂಗಳೂರಿಗೆ ಹತ್ತಿರ ಇರುವವರಿಗೆ ಅನುಕೂಲ ಹೆಚ್ಚು. ಐಟಿ ಕಂಪನಿಗಳು ತಮ್ಮ ಮೇಜಿನ ಕಂಪ್ಯೂಟರುಗಳನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸುವುದರಿಂದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ಗಳು ಹೇರಳವಾಗಿ ಮಾರಾಟಕ್ಕೆ ಬರುತ್ತವೆ. ಇವುಗಳ ಎಸ್‌ಎಂಪಿಎಸ್ ಕಂಪನಿಯದ್ದೇ ವಿಶಿಷ್ಟ ಆಕಾರದ್ದು, ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ ತಂತಿ ಸಾಮಾನ್ಯವಾಗಿ ಇರುವುದಿಲ್ಲ, ಚಿಕ್ಕ ಪೆಟ್ಟಿಗೆಗಳಲ್ಲಿ ಪೂರ್ಣ ಎತ್ತರದ ಕಾರ್ಡ್ ಹಿಡಿಸುವುದೂ ಇಲ್ಲ. ಮೇಲೆ ಹೇಳಿದ 70 ವ್ಯಾಟ್‌ನ ಆರ್‌ಟಿಎಕ್ಸ್ 3050 6 ಜಿಬಿ ಕಾರ್ಡಿಗೆ ಬೆಲೆ ಬರುವುದು ಇಲ್ಲಿ. ಅದರ ಗಿಡ್ಡ ರೂಪವೂ ದೊರೆಯುತ್ತದೆ. ಆದರೆ ಪ್ರೊಸೆಸರ್ ಎಂಟನೆಯ ಪೀಳಿಗೆಗಿಂತ ಹಳೆಯದಾಗಿರಬಾರದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ ಎಂಟನೆಯ ಪೀಳಿಗೆಯಿಂದ ಮೇಲಿನವನ್ನೇ ಒಪ್ಪುತ್ತದೆ.

ಖರೀದಿಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಪುರಭವನದ ಸಮೀಪದ ಆ ಇಕ್ಕಟ್ಟಿನ ಬೀದಿಯಲ್ಲಿ ಒಂದೇ ಕಾರ್ಡಿಗೆ ಅಕ್ಕಪಕ್ಕದ ಅಂಗಡಿಗಳಲ್ಲಿ ಬೇರೆ ಬೇರೆ ಬೆಲೆ ಹೇಳುತ್ತಾರೆ; ಆನ್‌ಲೈನ್ ಬೆಲೆಯನ್ನು ಫೋನಿನಲ್ಲಿ ತೆರೆದಿಟ್ಟುಕೊಂಡು ಮಾತಾಡಿದರೆ ಚರ್ಚೆ ಬೇಗ ಮುಗಿಯುತ್ತದೆ. ಎಲ್ಲವನ್ನೂ ಒಂದೇ ಕಡೆ ಕೊಂಡರೆ ಅಸೆಂಬಲ್ ಮಾಡಿಕೊಡುತ್ತಾರೆ, ಆದರೆ ‘ಕಾಂಬೊ’ ಎಂಬ ಹೆಸರಿನಲ್ಲಿ ಒಂದೆರಡು ಭಾಗಗಳನ್ನು ಬದಲಿಸಿ ಹಾಕುವುದೂ ಅಲ್ಲಿಯೇ. ಒಂದು ಅಂಗಡಿಯಲ್ಲಿ ನಮ್ಮ ಪಟ್ಟಿಯ 5600 ಚೀಟಿಗೆ ಬರುವಾಗ 5500 ಆಗಿತ್ತು. ಕೇಳಿದ್ದಕ್ಕೆ ‘ಎರಡೂ ಸೇಮ್ ಸರ್’ ಎಂಬ ಉತ್ತರ ಬಂತು. ನಾವು ಮುಂದಿನ ಅಂಗಡಿಗೆ ಹೋದೆವು. ಜಿಎಸ್‌ಟಿ ಬಿಲ್ಲಿಲ್ಲದೆ ಕಡಿಮೆ ಬೆಲೆ ಹೇಳಿದರೆ ಒಪ್ಪಬಾರದು. ಗ್ರಾಫಿಕ್ಸ್ ಕಾರ್ಡಿಗೆ ಸಾಮಾನ್ಯವಾಗಿ ಮೂರು ವರ್ಷ ವಾರಂಟಿ ಇರುತ್ತದೆ, ಅದನ್ನು ಕೇಳುವ ದಿನ ಬಂದಾಗ ಕಂಪನಿ ನೋಡುವುದು ಬಿಲ್ಲನ್ನು ಮತ್ತು ಅದರಲ್ಲಿ ಬರೆದ ಸೀರಿಯಲ್ ಸಂಖ್ಯೆಯನ್ನು. ಹೊರದೇಶದಿಂದ ತಂದ ಸರಕಿಗೆ ಭಾರತದಲ್ಲಿ ವಾರಂಟಿ ಸಿಗದಿರುವುದುಂಟು. ಪೆಟ್ಟಿಗೆಯ ಮೇಲೆ ಇಲ್ಲಿಯ ಆಮದುದಾರರ ಹೆಸರು, ಗರಿಷ್ಠ ಮಾರಾಟ ಬೆಲೆ ಇರುವ ಚೀಟಿ ಇದೆಯೇ ಎಂದು ನೋಡಿದರೆ ಬಹುಮಟ್ಟಿಗೆ ತಿಳಿಯುತ್ತದೆ.

ಯಂತ್ರ ಮನೆಗೆ ಬಂದ ಮೇಲೆ ಮಾಡಬೇಕಾದ ಕೆಲವು ಕೆಲಸಗಳಿಗೆ ಕಾಸು ಖರ್ಚಿಲ್ಲ, ಆದರೆ ಮಾಡದಿದ್ದರೆ ಖರ್ಚು ಮಾಡಿದ ಕಾಸು ನಷ್ಟ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ರ್‍ಯಾಮ್ ಕಡ್ಡಿಗಳು ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿರಬೇಕು. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಡಿಒಸಿಪಿ ಎಂಬ ವೇಗದ ಸೆಟ್ಟಿಂಗ್ ಚಾಲೂ ಮಾಡಬೇಕು; ಇಲ್ಲವಾದರೆ 3200ರ ರ್‍ಯಾಮ್ ಹಲವು ಸಲ 2133 ಅಥವಾ 2666ರಲ್ಲೇ ಓಡುತ್ತಿರುತ್ತದೆ. ಮಾನಿಟರಿನ ಕೇಬಲ್ ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಸೇರಬೇಕು. 144 ಹರ್ಟ್ಸ್ ಮಾನಿಟರ್ ಕೊಂಡು ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 60ರಲ್ಲೇ ಬಿಟ್ಟವರನ್ನು ಎಣಿಸಲು ಹೋದರೆ ಬೆರಳುಗಳು ಸಾಲವು. ವ್ಯಾಲರಂಟ್ ಆಡುವವರು ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡೂ ಭದ್ರತಾ ಸೌಲಭ್ಯಗಳನ್ನು ಬಯಾಸ್‌ನಲ್ಲಿ ಚಾಲೂ ಮಾಡಿಕೊಂಡಿರಬೇಕು, ಇಲ್ಲದಿದ್ದರೆ ಅದರ ಮೋಸ ತಡೆಯುವ ವ್ಯಾನ್‌ಗಾರ್ಡ್ ತಂತ್ರಾಂಶ ಆಟವನ್ನೇ ತೆರೆಯಗೊಡುವುದಿಲ್ಲ.

ಮುಂದೆ ಹಣ ಕೂಡಿದಾಗ ಮೊದಲು ಹಾಕಿಸಬೇಕಾದದ್ದು ಖಾಲಿ ಇರುವ ಎಂ.2 ಸ್ಲಾಟಿಗೆ 1 ಟಿಬಿಯ ಎಸ್‌ಎಸ್‌ಡಿ, ಆಮೇಲೆ, ಬೆಲೆ ಇಳಿದರೆ, ಉಳಿದೆರಡು ಸ್ಲಾಟಿಗೆ ರ್‍ಯಾಮ್. ಗ್ರಾಫಿಕ್ಸ್ ಕಾರ್ಡ್ ಬದಲಿಸುವ ದಿನ ಬಂದರೆ 145 ವ್ಯಾಟ್‌ನ ಆರ್‌ಟಿಎಕ್ಸ್ 5060 ದರ್ಜೆಯದನ್ನು ಈಗಿರುವ ಎಸ್‌ಎಂಪಿಎಸ್ ಮೇಲೆಯೇ ನಡೆಸಬಹುದು. ಅದಕ್ಕೂ ಮೇಲಿನದನ್ನು ಈ ಪ್ರೊಸೆಸರ್ ಜೊತೆ ಹಾಕುವುದಕ್ಕಿಂತ, ಆ ಹೊತ್ತಿಗೆ ಎಎಂ5ಗೆ ದಾಟುವುದನ್ನು ಯೋಚಿಸುವುದು ಲೇಸೆಂದು ಹುಡುಗನಿಗೆ ಹೇಳಿದ್ದೇನೆ.